ಹೊಳಲಿನ ಹುಡುಗಿಯ ಗದ್ದ

ಮುಖದ ಮೇಲಿನ ಬೇಡದ ಕೂದಲನ್ನು ಬೇರುಸಮೇತ ತೆಗೆಯುವ ಕೆಲಸ ಮಾಡಿಕೊಂಡೇ ನಾನು ಬದುಕಿದವಳು. ಆದರೆ ಆ ಕೆಲಸದ ಸೂಜಿಯನ್ನು ಮೊಟ್ಟಮೊದಲು ಕಂಡದ್ದು ಗದ್ದದ ಹತ್ತಿರವಲ್ಲ, ಕಣ್ಣಿನ ಹತ್ತಿರ.

ಯುದ್ಧ ನಡೆಯುತ್ತಿದ್ದ ಕಾಲ. ಮೈಸೂರಿನ ಕಾನ್ವೆಂಟಿನಲ್ಲಿ ಮೆಟ್ರಿಕ್ ಮುಗಿಸಿ, ಬೋರ್ಡಿಂಗಿನ ಟ್ರಂಕಿನ ಜೊತೆ ಮದ್ದೂರಿನ ನಮ್ಮ ಮನೆಗೆ ವಾಪಸ್ಸು ಬಂದಿದ್ದೆ. ಅಪ್ಪ ನಾಲೆ ಆಫೀಸಿನಲ್ಲಿ ಗುಮಾಸ್ತರು. ನನಗೆ ಗಂಡು ಹುಡುಕುತ್ತಿದ್ದರು, ಯಾವುದೂ ಕೂಡಿಬರುತ್ತಿರಲಿಲ್ಲ, ನಾನು ಜಗಲಿಯಲ್ಲಿ ಕೂತು ಟೇಬಲ್ ಕ್ಲಾತಿನ ಅಂಚು ಹೊಲಿಯುತ್ತಿದ್ದೆ. ನಾಲ್ಕು ಮನೆ ಆಚೆ ಒಬ್ಬರು ಲೇಡಿ ಡಾಕ್ಟರು. ಒಂದು ಬೆಳಿಗ್ಗೆ ನಮ್ಮ ಮನೆ ಮುಂದೆ ಹಾದುಹೋಗುತ್ತಿದ್ದವರು ನಿಂತು, ಆ ಅಂಚನ್ನು ಕೈಗೆತ್ತಿಕೊಂಡು, ಕನ್ನಡಕ ಹಣೆಗೇರಿಸಿ ನೋಡಿದರು.

"ಎಳೆ ಎಣಿಸಿ ಹೊಲಿದಿದ್ದೀಯಾ?"

"ಎಸ್, ಡಾಕ್ಟರ್. ಸಿಸ್ಟರ್ ಹಾಗೇ ಕಲಿಸಿದ್ದು."

"ನಾಳೆಯಿಂದ ನಮ್ಮನೆಗೆ ಬಾ. ನನಗೆ ಚಾಳೀಸು ಬಂತು, ಸಣ್ಣ ಕೆಲಸಕ್ಕೆ ಕಣ್ಣು ಸಾಲದು. ನಡುಗದ ಕೈ ಒಂದು ಬೇಕು."

ಸುತ್ತಲಿನ ಹಳ್ಳಿಗಳಲ್ಲಿ ಆಗ ಕಣ್ಣುಬೇನೆ ಬಹಳ. ವರ್ಷಾನುಗಟ್ಟಲೆ ಕಣ್ಣು ಬಂದು ಬಂದು ರೆಪ್ಪೆ ಒಳಕ್ಕೆ ಮಡಚಿಕೊಂಡು, ರೆಪ್ಪೆಯ ಕೂದಲೇ ಗುಡ್ಡೆಯನ್ನು ಕೆರೆಯುತ್ತಿತ್ತು. ಕಿತ್ತರೆ ಮತ್ತೆ ಬರುತ್ತದೆ. ಡಾಕ್ಟರು ಆ ಕೂದಲಿನ ಬುಡಕ್ಕೇ ಸೂಜಿ ಇಳಿಸಿ, ಬ್ಯಾಟರಿಯಿಂದ ಸಣ್ಣ ಕರೆಂಟು ಬಿಟ್ಟು, ಬೇರು ಸಾಯಿಸುತ್ತಿದ್ದರು. ಹಾರ್ಮೋನಿಯಂನ ಅರ್ಧದಷ್ಟಿದ್ದ, ಬ್ಯಾಟರಿ ಇಟ್ಟ ಮರದ ಪೆಟ್ಟಿಗೆ. ಮುಚ್ಚಳದ ಮೇಲೆ ಎರಡು ಹಿತ್ತಾಳೆ ತಿರುಪು. ಒಂದರ ತಂತಿ ಸೂಜಿಗೆ. ಇನ್ನೊಂದರ ತಂತಿ ಒಂದು ಹಿತ್ತಾಳೆ ಕಡ್ಡಿಗೆ. ಅದಕ್ಕೆ ಉಪ್ಪುನೀರಿನ ಬಟ್ಟೆ ಸುತ್ತಿ ರೋಗಿಯ ಕೈಗೆ ಕೊಡುವುದು. ರೋಗಿ ಕಡ್ಡಿ ಹಿಡಿದರೆ ಕರೆಂಟು ಹರಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಸೂಜಿಯ ತಿರುಪಿನ ಮೇಲೆ ಡಾಕ್ಟರು ಒಂದು ತೊಟ್ಟು ಕೆಂಪು ಅರಗು ಹಾಕಿದ್ದರು.

"ಸೂಜಿ ಯಾವಾಗಲೂ ಕೆಂಪಿಗೆ. ನೆವರ್ ದಿ ಅದರ್ ವೇ."

ಯಾಕೆ ಅಂತ ಕೇಳಿದೆ. ಕುರ್ಚಿಯಲ್ಲಿದ್ದ ಮುದುಕ ಅಷ್ಟರಲ್ಲಿ "ಅಯ್ಯೋ" ಅಂದ, "ಆಮೇಲೆ ಹೇಳ್ತೀನಿ" ಅಂದರು ಡಾಕ್ಟರು. ಆ ಆಮೇಲೆ ಬೇಕಾದ ಹೊತ್ತಿಗೆ ಬರಲೇ ಇಲ್ಲ. ನಾನೂ ಮತ್ತೆ ಕೇಳಲಿಲ್ಲ.

ಆರು ತಿಂಗಳು ರೆಪ್ಪೆ ಎತ್ತಿ ಹಿಡಿಯುವುದೇ ನನ್ನ ಕೆಲಸವಾಗಿತ್ತು. ಆಮೇಲೆ ಆ ಹುಡುಗಿ ಬಂದಳು.

ಹೊಳಲು ಹಳ್ಳಿಯವಳು. ಒಕ್ಕಲುತನದ ಮನೆ. ತಾಯಿಯಿಲ್ಲ, ಜೊತೆಗೆ ಅಜ್ಜಿ ಬಂದಿದ್ದರು. ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದವಳಿಗೆ ಡಾಕ್ಟರು ತೆಗೆ ಅಂದಾಗ, ಬಲಗೆನ್ನೆಯ ಮೇಲೆ ಅಂಗೈಯಗಲದ ಸುಟ್ಟ ಗಾಯ ಕಂಡಿತು. ಕೂದಲು ಉದುರಲಿ ಅಂತ ಹರಿದಾಳದ ಪಾಷಾಣಕ್ಕೆ ಸುಣ್ಣ ಕಲಸಿ ಹಚ್ಚಿದ್ದರಂತೆ. ಅದಕ್ಕೂ ಮೊದಲು ಬೂದಿ ಹಾಕಿ ಕಿತ್ತಿದ್ದರು, ಕಡಲೆಹಿಟ್ಟಿಗೆ ಅರಿಶಿನ ಬೆರೆಸಿ ತಿಂಗಳುಗಟ್ಟಲೆ ಉಜ್ಜಿದ್ದರು. ಏನು ಮಾಡಿದರೂ ಮೇಲ್ದುಟಿಯ ಮೇಲೆ, ಗದ್ದದ ಎರಡೂ ಕಡೆ, ಕರ್ರಗೆ ಗಡುಸಾದ ಕೂದಲು ಮತ್ತೆ ಮತ್ತೆ ಬರುತ್ತಿತ್ತು.

"ಮಳವಳ್ಳಿ ಕಡೆ ದೊಡ್ ಮನೇಗೆ ಒಪ್ಗೆ ಆಗದೆ ಕಣವ್ವ," ಅಂದರು ಅಜ್ಜಿ. "ದೀಪಾವಳಿ ಕಳ್ದು ಮದ್ವೆ. ಅವ್ರು ನೋಡಕ್ಕೆ ಬಂದಾಗ ದೀಪ ಅಚ್ಚೋ ಹೊತ್ತು. ಪೌಡ್ರು ಬಳ್ದು ಕೂರ್ಸಿದ್ದೋ. ಈಗ ಗಡ್ಡದ ಎಣ್ಣು ಅಂತ ವಾಪಸ್ ಕಳಿಸ್ಬುಟ್ರೆ ಇವಳ್ನ ಇನ್ಯಾರು ತಕ್ಕತಾರೆ?"

ಡಾಕ್ಟರು ಗಾಯಕ್ಕೆ ಮುಲಾಮು ಕೊಟ್ಟರು. ಆಮೇಲೆ ಮ್ಯಾಗ್ನಿಫೈಯಿಂಗ್ ಗ್ಲಾಸಿನಲ್ಲಿ ಗದ್ದವನ್ನು ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿ, "ರೆಪ್ಪೆಗೆ ಆಗುವುದು ಗದ್ದಕ್ಕೂ ಆಗುತ್ತೆ. ಟೇಕ್ಸ್ ಟೈಮ್, ಅಷ್ಟೆ," ಅಂದರು.

ಹುಡುಗಿ ಮದ್ದೂರಿನಲ್ಲೇ ಸೋದರಮಾವನ ಮನೆಯಲ್ಲಿ ಉಳಿದಳು. ಡಾಕ್ಟರ ಮನೆಯಲ್ಲಿ ನನ್ನ ಹತ್ತಿರ ಹೊಲಿಗೆ ಕಲಿಯಲು ಬಂದಿದ್ದಾಳೆ ಅಂತ ಊರಿಗೆಲ್ಲ ಹೇಳಿದ್ದಾಯಿತು. ಸುಳ್ಳು ನಿಲ್ಲಬೇಕಲ್ಲ, ದಿನಕ್ಕೆ ಅರ್ಧ ಗಂಟೆ ಕ್ರಾಸ್ ಸ್ಟಿಚ್ ನಿಜವಾಗಿಯೂ ಕಲಿಸಿದೆ. ಎತ್ತಿನ ಮೂಗುದಾರ ಹಿಡಿದ ಕೈ ಅವಳದು. ಹೊಲಿಗೆಯ ಸೂಜಿ ಅವಳ ಬೆರಳ ನಡುವೆ ಕಳೆದೇ ಹೋಗುತ್ತಿತ್ತು. ಮದುವೆಯ ಹುಡುಗ ಹೇಗಿದ್ದಾನೆ ಅಂತ ಕೇಳಿದರೆ ನಕ್ಕಳು.

"ನಂಗೇನ್ ಗೊತ್ತಕ್ಕ? ಅವ್ರೂ ನನ್ ಮುಖ ನೋಡ್ನಿಲ್ಲ. ಕಾಲ್ಬೆಟ್ಟು ನೋಡ್ಕಂಡು ಓದ್ರು. ಕಾಲ್ಬೆಟ್ಟು ಪಸಂದಾಗವೆ, ಅದ್ಕೇ ಒಪ್ಕಂಡವ್ರೆ."

ಡಾಕ್ಟರು ಕೂದಲಿನ ಕೆಲಸವನ್ನು ನನ್ನ ಕೈಗೇ ಕೊಟ್ಟರು, ಪಕ್ಕದಲ್ಲಿ ನಿಂತು. ಕಿಟಕಿಯ ಕೆಳಗೆ ಕುರ್ಚಿ, ಬೆಳಗಿನ ಬೆಳಕು. ಕೂದಲು ಯಾವ ಓರೆಯಲ್ಲಿ ಹೊರಟಿದೆಯೋ ಅದೇ ಓರೆಯಲ್ಲಿ ಸೂಜಿ ಇಳಿಯಬೇಕು. ಒತ್ತಬಾರದು. ತಾನಾಗಿ ನಿಲ್ಲುವಲ್ಲಿ ನಿಲ್ಲಿಸಬೇಕು. ಅವಳು ಕಡ್ಡಿ ಹಿಡಿಯುವಳು. ನಾನು ಮೂವತ್ತು ಎಣಿಸುವೆ. ಕೂದಲಿನ ಬುಡದಲ್ಲಿ ಸಾಸಿವೆಗಿಂತ ಚಿಕ್ಕದಾಗಿ ಬಿಳಿ ನೊರೆ ಏಳುವುದು. ಆಮೇಲೆ ಚಿಮಟದಿಂದ ಮುಟ್ಟಿದರೆ ಸಾಕು, ಬೆಣ್ಣೆಯಿಂದ ಎಳೆದ ಹಾಗೆ ಕೂದಲು ಬರುತ್ತಿತ್ತು. ಪಕ್ಕಪಕ್ಕದ ಎರಡನ್ನು ಒಂದೇ ದಿನ ಮುಟ್ಟಬಾರದು, ಚರ್ಮ ಕುಳಿ ಬೀಳುತ್ತದೆ. ಎಳೆ ಬಿಟ್ಟು ಎಳೆ ಎಣಿಸುವುದು ನನಗೆ ಬರುತ್ತಿತ್ತು.

ಅಜ್ಜಿ ಅರಿಶಿನ ಹಚ್ಚುವುದನ್ನು ಮಾತ್ರ ಬಿಡಲಿಲ್ಲ. ಎಷ್ಟು ತೊಳೆದು ಬಂದರೂ ಹುಡುಗಿಯ ಮುಖ ಹಳದಿಯೇ. ನೊರೆ ಎದ್ದ ಕಡೆಯೆಲ್ಲ ಆ ಹಳದಿಯ ಮೇಲೆ ಕೆಂಪು ಉಂಗುರ ಮೂಡುತ್ತಿತ್ತು. ಅರಿಶಿನದ ಕಲೆಗೆ ಸೋಪು ಹಾಕಿದರೆ ಕೆಂಪಾಗುತ್ತಲ್ಲ, ಹಾಗೆ. ಡಾಕ್ಟರು "ವಾಶ್ ಹರ್ ಪ್ರಾಪರ್ಲಿ!" ಅಂತ ಗದರುವರು. ಅಜ್ಜಿ ಕೇಳಿಸದ ಹಾಗೆ ಎಲೆಗೆ ಸುಣ್ಣ ಸವರುವರು.

ದಸರೆಯ ಹೊತ್ತಿಗೆ ಕೆನ್ನೆಯ ಗಾಯ ಮಾಗಿ ಮಾಸಿತ್ತು, ಮೇಲ್ದುಟಿ ಮುಗಿದಿತ್ತು. ಗದ್ದದಲ್ಲಿ ಬಲಗಡೆ ಒಂದಿಷ್ಟು, ಎಡಗಡೆ ಪೂರ್ತಿ ಉಳಿದಿತ್ತು.

ಆಯುಧಪೂಜೆಯ ದಿನ ನನ್ನ ತಲೆಗೆ ಏನು ಹೊಕ್ಕಿತೋ. ಡಾಕ್ಟರು ಪೂಜೆಗೀಜೆ ಮಾಡುವವರಲ್ಲ, ಬೆಳಿಗ್ಗೆಯೇ ಯಾರದೋ ಹೆರಿಗೆಗೆ ಹೋಗಿದ್ದರು. ಊರಲ್ಲೆಲ್ಲ ನೇಗಿಲು, ಮಚ್ಚು, ಅಕ್ಕಸಾಲಿಯ ತಿದಿ, ಬಸ್ಸು, ಎಲ್ಲವನ್ನೂ ತೊಳೆದು ಕುಂಕುಮ ಇಡುತ್ತಿದ್ದಾರೆ. ನನ್ನ ಆಯುಧವೂ ಒಂದಿದೆಯಲ್ಲ ಅನ್ನಿಸಿತು. ಹೆಮ್ಮೆ ಅಂದುಕೊಳ್ಳಿ. ಪೆಟ್ಟಿಗೆಯನ್ನು ಹಿತ್ತಿಲಿಗೆ ಒಯ್ದು, ಮುಚ್ಚಳದ ತಂತಿ ತಿರುಪುಗಳನ್ನು ಬಿಚ್ಚಿ, ಹುಣಸೆಹಣ್ಣು ಹಾಕಿ ತಿಕ್ಕಿದೆ. ಫಳಫಳ ಹೊಳೆದವು. ಮತ್ತೆ ಜೋಡಿಸಿ, ಎರಡಕ್ಕೂ ಗಂಧ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು ಕೈ ಮುಗಿದೆ.

ವಿಜಯದಶಮಿಯ ಮಾರನೆಯ ದಿನ ಡಾಕ್ಟರಿಗೆ ಹುಕುಂ ಬಂತು. ಬಸರಾಳಿನ ಕಡೆ ಕಾಲರಾ, ಸೂಜಿಮದ್ದು ಹಾಕಲು ಹೋಗಬೇಕು. ಹೊರಡುವಾಗ ನನ್ನನ್ನು ಕರೆದು, "ಕಣ್ಣು ಮುಟ್ಟಬೇಡ. ಗದ್ದ ಮಾಡು. ದಿನಕ್ಕೆ ಹತ್ತೇ," ಅಂದರು.

ಡಾಕ್ಟರಿಲ್ಲದ ಮೊದಲ ದಿನ ಕುರ್ಚಿಯ ಹತ್ತಿರ ನಾನು ಒಬ್ಬಳೇ. ಅಜ್ಜಿ ಹೊಸ್ತಿಲ ಬಳಿ, ಕಲಸಿದ ಅರಿಶಿನದ ಬಟ್ಟಲು ಪಕ್ಕಕ್ಕಿಟ್ಟುಕೊಂಡು, ಎಲೆ ಹಾಕುತ್ತ ಕೂತಿದ್ದರು. ಬಲಗದ್ದದ ಒಂದು ಕೂದಲಿಗೆ ಸೂಜಿ ಇಳಿಸಿದೆ. ಹುಡುಗಿ ಕಡ್ಡಿ ಹಿಡಿದಳು. ಮೂವತ್ತು ಎಣಿಸಿದೆ. ಚಿಮಟದಿಂದ ಮುಟ್ಟಿದೆ. ಬರಲಿಲ್ಲ. ಎಳೆದೆ. ಅವಳ ಕಣ್ಣಲ್ಲಿ ನೀರು ಬಂತು.

"ಇವತ್ತು ಬ್ಯಾರೆ ತರ ಉರೀತದೆ ಕಣಕ್ಕ."

"ಸ್ವಲ್ಪ ತಡೆದುಕೋ. ಬ್ಯಾಟರಿ ವೀಕ್ ಆಗಿರಬೇಕು."

ಎರಡನೆಯದಕ್ಕೆ ನಲವತ್ತು ಎಣಿಸಿದೆ. ಮೂರನೆಯದಕ್ಕೆ ಅರವತ್ತು. ಅವಳ ಕಾಲ್ಬೆರಳುಗಳು ನೆಲವನ್ನು ಒತ್ತಿ ಬಿಳಿಚಿಕೊಂಡಿದ್ದವು. ಆಗ ನನ್ನ ಗಮನಕ್ಕೆ ಬಂತು, ನೊರೆಯಿಲ್ಲ. ಹಳದಿ ಚರ್ಮದ ಮೇಲೆ ದಿನವೂ ಬರುತ್ತಿದ್ದ ಕೆಂಪು ಉಂಗುರ ಇಲ್ಲ. ಗ್ಲಾಸು ಹಿಡಿದು ನೋಡಿದೆ. ಸೂಜಿ ಇಳಿದ ಮೂರು ಕಡೆಯೂ ಮೂರು ಕಪ್ಪು ಚುಕ್ಕೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಸ್ಪಿರಿಟ್ ಹಾಕಿ ಒರೆಸಿದೆ. ಹೋಗಲಿಲ್ಲ. ಚುಕ್ಕೆ ಚರ್ಮದ ಮೇಲಿರಲಿಲ್ಲ, ಒಳಗಿತ್ತು.

ಪೆಟ್ಟಿಗೆಯ ಕಡೆ ನೋಡಿದೆ. ಎರಡೂ ತಿರುಪು ಚಿನ್ನದ ಹಾಗೆ ಹೊಳೆಯುತ್ತಿದ್ದವು. ಎರಡರ ಮೇಲೂ ನಾನು ಇಟ್ಟ ಕುಂಕುಮ. ಅರಗಿನ ತೊಟ್ಟು ಎಲ್ಲಿ? ಹುಣಸೆಹಣ್ಣಿನ ಜೊತೆ ಹಿತ್ತಿಲಲ್ಲಿ ಹೋಗಿತ್ತು.

ತಂತಿ ತಿರುವುಮುರುವಾಗಿದ್ದರೆ ಸೂಜಿಯ ಕಬ್ಬಿಣವೇ ಕರಗಿ ಚರ್ಮದೊಳಕ್ಕೆ ಇಳಿಯುತ್ತದೆ ಅಂತ ಡಾಕ್ಟರು ಆಮೇಲೆ ಹೇಳಿದ್ದು. ಆ ಹೊತ್ತಿನಲ್ಲಿ ನನಗೆ ಗೊತ್ತಿದ್ದದ್ದು ಇಷ್ಟೆ: ಗಡ್ಡ ಹೋಗಲಿ ಅಂತ ನನ್ನ ಮುಂದೆ ಕಣ್ಣು ಮುಚ್ಚಿ ಕೂತ ಹುಡುಗಿಯ ಮುಖಕ್ಕೆ ನಾನೇ ಮಸಿ ಇಟ್ಟಿದ್ದೆ.

"ಏನಾಯ್ತಕ್ಕ?"

ಕನ್ನಡಿ ಕೊಟ್ಟೆ. ಅವಳು ನೋಡಿದಳು, ಬೆರಳಲ್ಲಿ ಉಜ್ಜಿದಳು, ಮತ್ತೆ ಉಜ್ಜಿದಳು. ಅಜ್ಜಿ ಎದ್ದು ಬಂದು ಬಗ್ಗಿ ನೋಡಿದರು.

"ಓಗ್ಲಿ ಬುಡವ್ವ. ಅಚ್ಚೆ ಅನ್ಕತಾರೆ. ನನ್ ಗದ್ದದ ಮ್ಯಾಲೆ ಇಲ್ವಾ?" ಅಂದು ತಮ್ಮ ಗದ್ದದ ಹಸಿರು ಹಚ್ಚೆ ತೋರಿಸಿದರು. ಧ್ವನಿ ಮಾತ್ರ ಗಟ್ಟಿಯಾಗಿರಲಿಲ್ಲ.

ದಿನವೂ ಸೂಜಿಯಡಿ ಅರಿಶಿನ ಕೆಂಪಾಗುತ್ತಿತ್ತಲ್ಲ ಅಂತ ಹೊಳೆಯಿತು. ಅಜ್ಜಿಯ ಬಟ್ಟಲಿನ ಅರಿಶಿನವನ್ನು ಒಂದು ಬಿಳಿ ಬಟ್ಟೆಗೆ ಬಳಿದು, ಉಪ್ಪುನೀರು ಚಿಮುಕಿಸಿ, ಎರಡೂ ತಂತಿಯ ತುದಿಯನ್ನು ಅದಕ್ಕೆ ಒತ್ತಿದೆ. ಒಂದರ ಕೆಳಗೆ ಬಟ್ಟೆ ಕೆಂಪಾಯಿತು. ಸೂಜಿಯ ತಂತಿಯ ಕೆಳಗೆ ಅಲ್ಲ, ಕಡ್ಡಿಯ ತಂತಿಯ ಕೆಳಗೆ. ತಂತಿ ಅದಲುಬದಲು ಮಾಡಿದೆ. ನನ್ನ ಮುಂಗೈಯ ಒಂದು ಕೂದಲಿಗೆ ಸೂಜಿ ಇಳಿಸಿ, ಅದೇ ಕೈಗೆ ಅಜ್ಜಿಯಿಂದ ಕಡ್ಡಿ ಇರಿಸಿಕೊಂಡು ಎಣಿಸಿದೆ. ನೊರೆ ಬಂತು. ಕೂದಲು ತಾನಾಗಿ ಬಂತು. ಕಪ್ಪು ಇಲ್ಲ. ಮುಂದೆ ಹೇಗೋ ಸರಿಹೋಗಬಹುದು. ಆಗಿಹೋದ ಮೂರರ ಗತಿ?

ಅಷ್ಟರಲ್ಲಿ ಬೀದಿ ಬಾಗಿಲಲ್ಲಿ ಹೆಂಗಸಿನ ಧ್ವನಿ.

"ಒಲಿಗೆ ಮನೆ ಇದೇಯಾ?"

ಅಜ್ಜಿ ಇಣುಕಿ ನೋಡಿ ಬಿಳಿಚಿಕೊಂಡರು. ಹುಡುಗಿಯ ಅತ್ತೆಯಾಗಬೇಕಾದವರು. ಸಂತೆಯ ದಿನ ಅದು. ಮಳವಳ್ಳಿಯ ಬಸ್ಸು ಇಳಿದು, ಸೋದರಮಾವನ ಮನೆಯಲ್ಲಿ ವಿಚಾರಿಸಿಕೊಂಡು ನೇರ ಇಲ್ಲಿಗೆ ಬಂದಿದ್ದರು. ಅವರು ಚಪ್ಪಲಿ ಬಿಡುವುದರೊಳಗೆ ಅಜ್ಜಿ ಬಟ್ಟಲಿಗೆ ಕೈ ಹಾಕಿ ಹುಡುಗಿಯ ಮುಖಕ್ಕೆಲ್ಲ ಅರಿಶಿನ ಮೆತ್ತಿಬಿಟ್ಟರು, ಕಣ್ಣು ಎರಡು ಬಿಟ್ಟು. ನಾನು ಪೆಟ್ಟಿಗೆಯ ಮೇಲೆ ಟೇಬಲ್ ಕ್ಲಾತ್ ಎಳೆದೆ.

ಎತ್ತರದ ಹೆಂಗಸು, ಬಿಸಿಲಿಗೆ ಕಂದಿದ ಮುಖ. ಕೂರದೆ ನಿಂತೇ ಕ್ರಾಸ್ ಸ್ಟಿಚ್ ಎತ್ತಿ ನೋಡಿದರು.

"ಇದೇನು, ಗಿಣೀನೋ ಕೋಳೀನೋ?"

"ಗಿಣಿ ಕಣತ್ತೆ."

"ಕೋಳಿ ಆಗಿದ್ರೆ ಉಪ್ಯೋಗ್ಕಾದ್ರೂ ಬತ್ತಿತ್ತು." ನಗಲಿಲ್ಲ. "ಮುಖ ತೊಳ್ಕಂಡ್ ಬಾ ಮಗ. ಅವತ್ತು ದೀಪದ ಬೆಳಕ್ನಲ್ಲಿ ಸರ್ಯಾಗಿ ಕಾಣ್ನಿಲ್ಲ."

"ಈಗ್ತಾನೇ ಅಚ್ಚಿವ್ನಿ ಬೀಗ್ತಮ್ಮ, ಒಸಿ ಒಣಗ್ಲಿ," ಅಂದರು ಅಜ್ಜಿ.

"ಒಣಗೋಗಂಟ ನಮ್ ಬಸ್ಸು ನಿಂತದಾ? ತೊಳ್ಕಂಡ್ ಬರ್ಲಿ."

ಹುಡುಗಿ ಹಿತ್ತಿಲಿಗೆ ಹೋದಳು. ನೀರು ಮೊಗೆಯುವ ಸದ್ದು ಕೇಳುತ್ತ ನಾವು ಮೂವರೂ ನಿಂತೆವು. ಅವಳು ಬಂದು ಕಿಟಕಿಯ ಬೆಳಕಿನಲ್ಲೇ ನಿಂತಳು. ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು. ಎಡಗದ್ದದ ಮೇಲೆ ಇನ್ನೂ ಮುಟ್ಟದ ಕೂದಲು. ಬಲಗದ್ದದ ಮೇಲೆ ಮೂರು ಚುಕ್ಕೆ, ಸುತ್ತ ಊದಿಕೊಂಡಿತ್ತು.

ಅತ್ತೆ ಗದ್ದ ಹಿಡಿದು ಅತ್ತ ಇತ್ತ ತಿರುಗಿಸಿದರು.

"ಅಚ್ಚೆ ಯಾರು ಉಯ್ದೋರು? ಕೈ ಸರೀಗಿಲ್ಲ. ಕೋಳಿ ಕೆದರ್ದಂಗದೆ."

"ಕೊರವಂಜಿ ಬಂದಿದ್ಲು ಕಣ್ತಾಯಿ, ಅಬ್ಬದಲ್ಲಿ..." ಅಜ್ಜಿ ಶುರುಮಾಡಿದರು.

ಹನ್ನೊಂದು ವರ್ಷ ಕಾನ್ವೆಂಟಿನಲ್ಲಿ ಟೆಲ್ ದಿ ಟ್ರೂತ್ ಅಂತ ಬರೆದು ಬರೆದು ಕಾಪಿ ಬುಕ್ ತುಂಬಿಸಿದವಳು ನಾನು. ಬಾಯಿ ಬಿಡಲಿಲ್ಲ. ಕೊರವಂಜಿಯ ಮೇಲೆ ಹೋದರೆ ಹೋಗಲಿ ಅಂದುಕೊಂಡೆ. ಈಗ ನೆನೆದರೂ ನಾಚಿಕೆಯಾಗುತ್ತದೆ.

ಹುಡುಗಿ ಅತ್ತೆಯ ಕೈಯಿಂದ ಗದ್ದ ಬಿಡಿಸಿಕೊಂಡಳು.

"ಅಚ್ಚೆ ಅಲ್ಲ ಕಣತ್ತೆ. ನಂಗೆ ಗಡ್ಡ ಬತ್ತದೆ. ಈ ಅಕ್ಕ ಕರೆಂಟ್ನಲ್ಲಿ ಕೀಳ್ತಾವ್ರೆ. ಒಲಿಗೆ ಗಿಲಿಗೆ ಎಲ್ಲ ಸುಳ್ಳು."

ಅಜ್ಜಿ ಗೋಡೆ ಹಿಡಿದು ಕೂತುಬಿಟ್ಟರು. ಅತ್ತೆ ಸುತ್ತಲೂ ನೋಡಿ, ಟೇಬಲ್ ಕ್ಲಾತ್ ಸರಿಸಿ, ಪೆಟ್ಟಿಗೆ ನೋಡಿದರು. ಆಮೇಲೆ ನನ್ನನ್ನು.

"ನರ್ಸಮ್ಮ, ಇದ್ರಲ್ಲಿ ತೆಗುದ್ರೆ ಮತ್ತೆ ಬರಾಕಿಲ್ವಾ?"

"ಹೆಚ್ಚಿನವು ಬರಲ್ಲ. ಕೆಲವು ಇನ್ನೊಂದು ಸಲ ಬರ್ತವೆ. ಅವನ್ನ ಮತ್ತೆ ತೆಗೀಬೇಕು."

"ಈ ಚುಕ್ಕೆ?"

"ಅದು ನನ್ನ ತಪ್ಪು. ಪೂಜೆಗೆ ಅಂತ ಪೆಟ್ಟಿಗೆ ತಿಕ್ಕಿ, ತಂತಿ ತಿರುವುಮುರುವು ಹಾಕಿದೆ."

"ಓಯ್ತದಾ?"

"ಗೊತ್ತಿಲ್ಲ."

ಅವರು ಕ್ಲಾತನ್ನು ಪೆಟ್ಟಿಗೆಯ ಮೇಲೆ ಮತ್ತೆ ಎಳೆದರು. ಕಾಫಿ ಬೇಡ ಅಂದರು. ನಾನು ಕುಂಕುಮದ ಭರಣಿ ಹಿಡಿದು ಬಂದರೆ, "ಇರ್ಲಿ" ಅಂದು ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟರು. ಮುತ್ತೈದೆ ಕುಂಕುಮ ಬಿಟ್ಟು ಹೋದರೆ ಅದರ ಅರ್ಥ ನಮಗೆಲ್ಲ ಗೊತ್ತಿತ್ತು.

ಆ ವಾರ ಹೇಗೆ ಕಳೆಯಿತೋ. ಮಳವಳ್ಳಿಯಿಂದ ಸುದ್ದಿಯಿಲ್ಲ. ಇದ್ದಿಲ ಗ್ಯಾಸಿನ ಬಸ್ಸು ಹೊಗೆ ಬಿಡುತ್ತ ಬಂದು ನಿಂತಾಗಲೆಲ್ಲ ಅಜ್ಜಿ ಹೋಗಿ ಇಳಿಯುವವರನ್ನು ನೋಡಿ ಬರುವರು. ಹುಡುಗಿ ಮಾತ್ರ ದಿನವೂ ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕೂರುತ್ತಿದ್ದಳು.

"ಕೀಳಕ್ಕ."

"ಡಾಕ್ಟರು ಬರಲಿ. ನಾನು ಇನ್ನು ಇದನ್ನ ಮುಟ್ಟಲ್ಲ."

"ಮದ್ವೆ ಓದ್ರೆ ಓಗ್ಲಿ, ಗಡ್ಡ ಇಟ್ಕಂಡು ಕೂರಕ್ಕಾಯ್ತದಾ? ನೀನೊಳ್ಳೆ ಚೆನ್ನಾಗಿ ಯೋಳ್ತೀಯ!"

ಮುಟ್ಟಲಿಲ್ಲ. ಅವಳ ಎದುರಿಗೆ ಕೈ ಚಾಚಿ ತೋರಿಸಿದೆ, ಬೆರಳು ನಡುಗುತ್ತಿದ್ದದ್ದನ್ನು. ಡಾಕ್ಟರು ಬಂದ ದಿನವೇ ಎಲ್ಲ ಹೇಳಿ, ಯಾವುದಾದರೂ ಸ್ಕೂಲಿನಲ್ಲಿ ಎಬಿಸಿಡಿ ಹೇಳಿಕೊಡಲು ಹೋಗುವುದು ಅಂತ ಗಟ್ಟಿ ಮಾಡಿಕೊಂಡಿದ್ದೆ.

ಮುಂದಿನ ಸಂತೆಯ ದಿನ ಅತ್ತೆ ಬಂದರು, ಒಬ್ಬರೇ. ಅಜ್ಜಿಯನ್ನೂ ಹುಡುಗಿಯನ್ನೂ ಹಿತ್ತಿಲಿಗೆ ಕಳಿಸಿ, ಬಾಗಿಲು ಮುಂದೆ ಮಾಡಿದರು.

"ಎಲ್ಲಿ ಕೂರ್ಬೇಕು?"

ನನಗೆ ಅರ್ಥವಾಗಲಿಲ್ಲ. ಅವರೇ ಕುರ್ಚಿ ಕಂಡು ಕೂತರು, ಗದ್ದ ಎತ್ತಿದರು. ಕಿಟಕಿಯ ಬೆಳಕಿನಲ್ಲಿ ಆಗ ಕಂಡೆ. ಕಂದಿದ ಚರ್ಮದ ತುಂಬ ಕಿತ್ತು ಕಿತ್ತು ಗಂಟುಕಟ್ಟಿದ ಗುರುತು, ನಡುನಡುವೆ ಮೊಂಡಾದ ಬಿಳಿ-ಕಪ್ಪು ಕೂದಲು.

"ಇಪ್ಪತ್ತೆರಡು ವರ್ಸ," ಅಂದರು. "ನನ್ ಗಂಡ ಏಳಕ್ ಮುಂಚೆ ಎದ್ದು, ಕೊಟ್ಗೇಲಿ ಕೂತು ಚಿಮಟದಲ್ಲಿ ಕಿತ್ಕಂಡಿವ್ನಿ. ಒಬ್ರಿಗೂ ಯೋಳಿಲ್ಲ. ಆ ಮಗೀನ್ ಮುಖದ ಪೌಡ್ರು ನೋಡ್ದಾಗ್ಲೇ ನಂಗೆ ಅನ್ಮಾನ. ಅದ್ಕೇ ಅಗಲೊತ್ನಲ್ಲಿ ನೋಡವ ಅಂತ ಬಂದೆ. ಅವಳು ನನ್ ಎದ್ರುಗೇ ಬಾಯ್ಬುಟ್ಟು ಯೋಳ್ಬುಟ್ಲಲ್ಲಾ! ಒಂದ್ ವಾರ ನಿದ್ದೆ ಬರ್ನಿಲ್ಲ ಕಣಮ್ಮ."

ನಾನು ಗ್ಲಾಸು ತಂದು ಅವರ ಗದ್ದ ನೋಡಿದೆ.

"ನಮ್ಮನೇಗ್ ಬರೋ ಎಣ್ಣಿಗೆ ಏನ್ ಮಾಡ್ತಿದೀಯೋ ನಂಗೂ ತಿಳೀಬೇಕು. ಮೊದ್ಲು ನಂಗ್ ಮಾಡು. ಕಪ್ಪು ಬಂದ್ರೆ ನನ್ ಮುಖಕ್ ಬರ್ಲಿ, ಮುದ್ಕಿ ಮುಖ ಯಾರ್ ನೋಡ್ಬೇಕು?"

ಇಲ್ಲ ಅನ್ನಲು ಆಗಲಿಲ್ಲ. ತಂತಿ ನೋಡಿದೆ, ಮತ್ತೊಮ್ಮೆ ನೋಡಿದೆ. ಮೊದಲು ನನ್ನ ಮುಂಗೈಗೆ ಹಾಕಿಕೊಂಡು ತೋರಿಸಿದೆ. ಆಮೇಲೆ ಅವರ ಗದ್ದದ ಒಂದು ಕೂದಲನ್ನು ಆರಿಸಿದೆ. ಕಿತ್ತು ಕಿತ್ತು ಅದರ ದಾರಿಯೇ ಸೊಟ್ಟಗಾಗಿತ್ತು. ಸೂಜಿ ಮೊದಲ ಸಲ ಅಡ್ಡ ಸಿಕ್ಕಿತು; ಹೊರಗೆ ತೆಗೆದು, ಉಸಿರು ಬಿಟ್ಟು, ಓರೆ ಬದಲಿಸಿದೆ. ಇಳಿಯಿತು.

"ಈಗ ಕಡ್ಡಿ ಹಿಡ್ಕೊಳ್ಳಿ."

ಹಿಡಿದರು. ಹುಬ್ಬು ಕೂಡ ಅಲುಗಿಸಲಿಲ್ಲ.

"ನೋಯ್ತಾ?"

"ಕಟ್ಟಿರುವೆ ಕಚ್ದಂಗದೆ. ಎಣ್ಸು, ಮಾತಾಡ್ಬ್ಯಾಡ."

ಮೂವತ್ತು. ನಲವತ್ತು. ಗಡುಸು ಕೂದಲು, ಐವತ್ತರವರೆಗೂ ಹೋದೆ. "ಬಿಡಿ" ಅಂದೆ. ಸೂಜಿ ತೆಗೆದು ಚಿಮಟ ಮುಟ್ಟಿಸಿದೆ. ಕೂದಲು ಬಂತು, ಬುಡದಲ್ಲಿ ಬಿಳಿ ಗಡ್ಡೆಯ ಸಮೇತ. ಅದನ್ನು ಅವರ ಅಂಗೈಗೆ ಹಾಕಿದೆ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ಆ ಬುಡವನ್ನು ಅವರು ಕಂಡೇ ಇರಲಿಲ್ಲವೋ ಏನೋ. ಆಮೇಲೆ ಕನ್ನಡಿ ಕೇಳಿದರು. ಗದ್ದದ ಮೇಲೆ ಕೆಂಪಗೆ ಒಂದು ಊತ, ಅಷ್ಟೆ.

"ಇನ್ನೊಂದ್ ತೆಗಿ."

ತೆಗೆದೆ. ಮೂರನೆಯದನ್ನೂ ತೆಗೆದೆ. ಆಗ ನೋಡಿಕೊಂಡೆ, ಕೈ ನಡುಗುತ್ತಿರಲಿಲ್ಲ.

ಅವರು ಎದ್ದು ಹಿತ್ತಿಲ ಬಾಗಿಲು ತೆಗೆದರು. ಹುಡುಗಿ ಕಲ್ಲಿನ ಮೇಲೆ ಕೂತಿದ್ದವಳು ಧಡಕ್ಕನೆ ಎದ್ದಳು. ಅಜ್ಜಿ ಸೆರಗಿನ ತುದಿ ಕಚ್ಚಿಕೊಂಡಿದ್ದರು.

"ಬಾರವ್ವ, ಕೂತ್ಕ," ಅಂದರು ಅತ್ತೆ. "ಎಡಗಡೆ ಅಂಗೇ ಅದೆಯಲ್ಲಾ. ದೀಪಾವಳಿಗೆ ದಿನ ಬಾಳ ಇಲ್ಲ."

ಅಜ್ಜಿ ಅಳಲು ಶುರುಮಾಡಿದರು. "ಸುಮ್ಕಿರತ್ಲಾಗೆ," ಅಂತ ಅವರನ್ನು ಗದರಿ, ಅತ್ತೆ ನನ್ನ ಕಡೆ ತಿರುಗಿದರು.

"ಇನ್ನೆಷ್ಟವೆ ಅವಳ್ಗೆ?"

ಹುಡುಗಿಯ ಗದ್ದವನ್ನು ಬೆಳಕಿಗೆ ತಿರುಗಿಸಿ, ಗ್ಲಾಸು ಹಿಡಿದು, ಎಳೆ ಎಳೆಯಾಗಿ ಎಣಿಸಿದೆ.

"ಮೂವತ್ತೊಂದು. ದಿನಕ್ಕೆ ಹತ್ತರ ಮೇಲೆ ಮಾಡಬಾರದು."

"ಅಂಗಾರೆ ನಾಳಿಕ್ಕೂ ಬತ್ತಾಳೆ, ನಾಳಿದ್ದೂ ಬತ್ತಾಳೆ. ಅವಳ್ದು ಮುಗುದ್ಮೇಲೆ ನಂದು."

ಹುಡುಗಿ ಕಡ್ಡಿ ಹಿಡಿಯಲು ಕೈ ಚಾಚಿದಳು.